ಗೆದ್ದದ್ದು ಬಾಡಿಗೆ ರೈಡರ್, ಸೋತದ್ದು ನಮ್ಮೂರ ಟೀಮ್

ಹೋದ ವರ್ಷ ಶಿಗ್ಗಾವಿ ತಾಲೂಕಿನ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಹಾನಗಲ್ ಕಡೆಯ ನಮ್ಮೂರಿಂದ ಎರಡು ಟಂಟಂ, ಹತ್ತಾರು ಬೈಕ್ ಮಾಡಿಕೊಂಡು ಹೋಗಿದ್ದೆವು. ಫೈನಲ್ ಮುಗಿದಾಗ ರಾತ್ರಿ ಎರಡೂವರೆ. ಗೆದ್ದವರು ನಾವೇ. ಕೊನೆಯ ರೈಡಿನಲ್ಲಿ ಎರಡು ಪಾಯಿಂಟ್ ತಂದ ಹುಡುಗನನ್ನು ನಮ್ಮವರು ಹೆಗಲ ಮೇಲೆ ಹೊತ್ತು ಕುಣಿದರು. ಪೇಪರಿಗೆ ಸುದ್ದಿ ಕಳಿಸಬೇಕಲ್ಲ, ನಾನು ಪೆನ್ನು ತೆಗೆದು ಕೇಳಿದೆ: "ಇವನ ಹೆಸರೇನು?"

ಹೊತ್ತವರಿಗೇ ಗೊತ್ತಿರಲಿಲ್ಲ. "ಏ ಅಣ್ಣಾ, ಅಂವಾ ನಮ್ಮೂರಾಂವ ಅಲ್ಲ, ಕರಿಸಿದ್ದು" ಅಂದ ಒಬ್ಬ.

ಅಂಕಣದಲ್ಲಿ ಆಡಿದ ಏಳು ಜನರಲ್ಲಿ ನಮ್ಮೂರವರು ಇಬ್ಬರೇ. ಉಳಿದ ಐದೂ ಜನ ಆ ರಾತ್ರಿಗೆಂದು ದುಡ್ಡು ಕೊಟ್ಟು ಕರೆಸಿದವರು. ವರ್ಷವೆಲ್ಲ ಶಾಲೆ ಹಿಂದಿನ ಬಯಲಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ಪ್ರಾಕ್ಟೀಸ್ ಮಾಡಿದ ನಮ್ಮ ಹುಡುಗರು ಗೆರೆಯ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಕಪ್ ಊರಿಗೆ ಬಂತು. ಬಾಡಿಗೆ ಆಟಗಾರರು ಬಹುಮಾನದ ದುಡ್ಡಿನಲ್ಲಿ ತಮ್ಮ ಪಾಲು ಎಣಿಸಿಕೊಂಡು ಬೆಳಕು ಹರಿಯುವುದರೊಳಗೆ ಬೈಕ್ ಹತ್ತಿ ಹೋದರು.

ಇದರಲ್ಲಿ ತಪ್ಪು ಯಾರದು? ಆಟಗಾರರದ್ದಲ್ಲ, ಸಂಘಟಕರದ್ದೂ ಅಲ್ಲ, ಟೀಮ್ ಮ್ಯಾನೇಜರನದ್ದೂ ಪೂರ್ತಿ ಅಲ್ಲ. ಗೆರೆಯ ಹೊರಗೆ ನಿಂತು ಕೂಗುವ ನನ್ನದು ಮತ್ತು ನಿಮ್ಮದು. ಅಭಿಮಾನಿ ಅನ್ನಿಸಿಕೊಂಡ ನಾವು ನಮ್ಮ ಟೀಮನ್ನು ಕೊಲ್ಲುತ್ತಿದ್ದೇವೆ.

ಒಪ್ಪದಿದ್ದರೆ ನಿಮ್ಮೂರ ಕಟ್ಟೆಯ ಮಾತು ನೆನಪು ಮಾಡಿಕೊಳ್ಳಿ. ಹುಡುಗರು ಮೊದಲ ಸುತ್ತಿನಲ್ಲೇ ಸೋತು ಬಂದರೆ ಮಾರನೇ ದಿನ ಚಹಾದಂಗಡಿಯಲ್ಲಿ ಅವರಿಗೆ ಏನೆನ್ನುತ್ತೇವೆ? "ಊರ ಮರ್ಯಾದಿ ಕಳದ್ರಿ" ಅನ್ನುತ್ತೇವೆ. ಪಟ್ಟಿ ಎತ್ತಲು ಬಂದರೆ "ಗೆಲ್ಲೂ ಟೀಮ್ ತಗೊಂಡ್ ಹೋಗ್ರಿ, ರೊಕ್ಕಾ ಕೊಡ್ತೀವಿ" ಅನ್ನುತ್ತೇವೆ. ಹೀಗೆ ಅಂದವರಲ್ಲಿ ನಾನೂ ಒಬ್ಬ. ಎರಡು ವರ್ಷದ ಹಿಂದೆ ಒಬ್ಬ ರೈಡರನನ್ನು ಕರೆಸಲು ನನ್ನ ಜೇಬಿನಿಂದಲೇ ಐನೂರು ರೂಪಾಯಿ ಹೋಗಿದೆ. ಗೆಲುವನ್ನು ಮಾತ್ರ ಕೇಳುವ ಊರಿಗೆ ಮ್ಯಾನೇಜರ್ ಗೆಲುವನ್ನು ಕೊಂಡು ತಂದುಕೊಟ್ಟ.

ಬಾಡಿಗೆಗೆ ಬರುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮಂಥ ಮನೆಯವರೇ. ಹಗಲು ಗೋವಿನಜೋಳದ ಚೀಲ ಹೊತ್ತವನಿಗೆ ಒಂದು ರಾತ್ರಿಯ ಆಟಕ್ಕೆ ಎರಡು ಸಾವಿರ ಸಿಕ್ಕರೆ ಅದು ದುಡಿಮೆಯೇ. ಮೊಣಕಾಲು ತಿರುಚಿಕೊಂಡರೆ ಆಸ್ಪತ್ರೆ ಖರ್ಚು ಅವನೇ ನೋಡಿಕೊಳ್ಳಬೇಕು, ಕರೆಸಿದ ಊರಿನವರು ಫೋನ್ ಎತ್ತುವುದಿಲ್ಲ. ಅವನ ಕಸುಬಿಗೆ ನನ್ನ ಗೌರವವಿದೆ. ಆದರೆ ಅವನು ಇವತ್ತು ನಮಗೆ, ಬರುವ ವಾರ ಸವಣೂರಿನ ಟೀಮಿಗೆ, ಅದರ ಮುಂದಿನ ವಾರ ಹಿರೇಕೆರೂರಿನ ಟೀಮಿಗೆ ಆಡುತ್ತಾನೆ. ನಾಲ್ಕೂ ತಾಲೂಕಿನ ಪಂದ್ಯಾವಳಿ ಸುತ್ತುವ ನನಗೆ ಒಂದೇ ಮುಖ ನಾಲ್ಕು ಬಣ್ಣದ ಬನಿಯನ್ನಿನಲ್ಲಿ ಕಂಡಿದೆ. ಹಾಗಾದರೆ ಫೈನಲಿನಲ್ಲಿ ಊರು ಊರಿನ ಮೇಲೆ ಆಡಿತು ಅನ್ನುವುದು ಹೇಗೆ? ಎರಡು ಜೇಬು ಆಡಿದವು, ಅಷ್ಟೇ.

"ಪ್ರೊ ಕಬಡ್ಡಿಯಾಗೂ ಹಂಗ ಐತಲ್ರೀ" ಅಂತ ಹುಡುಗರು ನನ್ನ ಬಾಯಿ ಮುಚ್ಚಿಸುತ್ತಾರೆ. ಹೌದು, ಐತಿ. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿ ಕಪ್ ಎತ್ತಿದಾಗ ನಾನೂ ಫೋನ್ ಹಿಡಿದು ಕುಣಿದಿದ್ದೆ. ಅವತ್ತು ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ಅವನು ದೆಹಲಿಯವನು, ಬೆಂಗಳೂರಿನವನಲ್ಲ. ಆದರೆ ಅದು 2014ರಲ್ಲಿ ಶುರುವಾದ ಒಂದು ವ್ಯಾಪಾರ. ಅಲ್ಲಿ ಹರಾಜು ಇದೆ, ಒಪ್ಪಂದ ಇದೆ, ಕೋಚ್ ಇದ್ದಾನೆ. ಟಿವಿಯವರು ದುಡ್ಡು ಕೊಡುತ್ತಾರೆ. ನಾವು ಬಿಟ್ಟರೂ ಅದು ನಡೆಯುತ್ತದೆ. ನಮ್ಮೂರ ಟೀಮಿಗೆ ಟಿವಿ ಇಲ್ಲ, ಮಾಲೀಕನಿಲ್ಲ. ಅದಕ್ಕಿರುವುದು ಊರ ಹೆಸರು, ಏಳೆಂಟು ಹುಡುಗರು, ಮತ್ತೆ ನಾವು. ಈ ಮೂರರಲ್ಲಿ ಹುಡುಗರನ್ನು ತೆಗೆದರೆ ಉಳಿಯುವುದು ಬನಿಯನ್ ಮೇಲೆ ಛಾಪಿಸಿದ ಊರ ಹೆಸರು ಮಾತ್ರ.

"ದೊಡ್ಡ ಆಟಗಾರ ಬಂದ್ರ ನಮ್ಮ ಹುಡುಗ್ರು ಕಲೀತಾರ" ಅನ್ನುವ ಇನ್ನೊಂದು ಮಾತಿದೆ. ಕಲಿಯಬೇಕಾದರೆ ಜೊತೆಗೆ ಆಡಬೇಕು. ಏಳು ಗಂಟೆಗೆ ಬೈಕಿಳಿದು, ಬನಿಯನ್ ಹಾಕಿ, ಆಡಿ, ದುಡ್ಡು ಎಣಿಸಿ ಹೋಗುವವನಿಂದ ಬೆಂಚಿನ ಮೇಲೆ ಕೂತವನು ಕಲಿಯುವುದು ಒಂದೇ: ಈ ಊರಿಗೆ ನಾನು ಬೇಡ. ನಮ್ಮ ಟೀಮಿನಲ್ಲಿ ಎಡಗಡೆ ಕಾರ್ನರಿನಲ್ಲಿ ಆಡುವ ಹುಡುಗನಿದ್ದ. ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಎರಡು ಪಂದ್ಯಾವಳಿಯಲ್ಲಿ ಅವನ ಜಾಗಕ್ಕೆ ಹೊರಗಿನವನು ಬಂದ. ಮೂರನೆಯದಕ್ಕೆ ಇವನು ಬರಲೇ ಇಲ್ಲ. ಈಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಕಬಡ್ಡಿ ಬಿಟ್ಟದ್ದಕ್ಕೇ ಊರು ಬಿಟ್ಟ ಅಂತ ನಾನು ಹೇಳುವುದಿಲ್ಲ, ಹೊಟ್ಟೆಪಾಡು ದೊಡ್ಡದು. ಆದರೆ ಸಂಜೆ ಐದಕ್ಕೆ ಬಯಲಿಗೆ ಬರಲು ಅವನಿಗಿದ್ದ ಕಾರಣವನ್ನು ನಾವು ಐನೂರು-ಐನೂರು ರೂಪಾಯಿ ಕೂಡಿಸಿ ತೆಗೆದುಹಾಕಿದೆವು. ಈ ವರ್ಷ ಕೇಳಿದರೆ ಪ್ರಾಕ್ಟೀಸಿಗೆ ಬರುವವರು ನಾಲ್ಕೇ ಜನ. ನಾಲ್ಕು ಜನರಿಂದ ಅಭ್ಯಾಸದ ಆಟವೂ ಕಟ್ಟುವುದಿಲ್ಲ.

ನಿಜವಾದ ಅಭಿಮಾನ ಹೇಗಿರುತ್ತದೆ ಅಂತ ನಮಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬದಲ್ಲಿ ನೋಡಿ. ಕೊಬ್ಬರಿ ಕಟ್ಟಿದ ಹೋರಿ ಅಖಾಡದಲ್ಲಿ ಓಡಿದರೆ ಅದರ ಹೆಸರಿನ ಟೀ-ಶರ್ಟ್ ಹಾಕಿದವರು ಸಾಲುಗಟ್ಟಿ ನಿಂತಿರುತ್ತಾರೆ. ಒಂದು ವರ್ಷ ಕೊಬ್ಬರಿ ಹರಿಸಿಕೊಂಡಿತು ಅಂತ ಆ ಹೋರಿಯನ್ನು ಬಿಡುವುದಿಲ್ಲ. ಮುದಿಯಾಗಿ ಸತ್ತರೆ ಹೂವಿನ ಹಾರ ಹಾಕಿ, ಮೆರವಣಿಗೆ ಮಾಡಿ, ಕಣ್ಣೀರು ಹಾಕಿ ಮಣ್ಣು ಮಾಡಿದ ಊರುಗಳು ನಮ್ಮ ಜಿಲ್ಲೆಯಲ್ಲಿವೆ. ಹೋರಿಗೆ ತೋರಿಸುವ ನಿಯತ್ತನ್ನು ಹೊಟ್ಟೆಯಲ್ಲಿ ಹುಟ್ಟಿದ ಹುಡುಗರಿಗೆ ಯಾಕೆ ತೋರಿಸುವುದಿಲ್ಲ?

ದೂರದ ಒಂದು ಸಂಗತಿಯನ್ನೂ ಹೇಳುತ್ತೇನೆ. ಲಂಡನ್ನಿನಲ್ಲಿ ವಿಂಬಲ್ಡನ್ ಅನ್ನುವ ಫುಟ್‌ಬಾಲ್ ಕ್ಲಬ್ ಇತ್ತು. 2002ರಲ್ಲಿ ಅದನ್ನು ಬಹಳ ದೂರದ ಮಿಲ್ಟನ್ ಕೀನ್ಸ್ ಅನ್ನುವ ಊರಿಗೆ ಒಯ್ಯಲು ಮಾಲೀಕರಿಗೆ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಟೀಮಿನ ಹಿಂದೆ ಹೋಗಲಿಲ್ಲ. "ನಮ್ಮೂರ ಟೀಮು ನಮ್ಮೂರಲ್ಲೇ ಇರಬೇಕು" ಅಂತ ತಾವೇ ಹೊಸ ಕ್ಲಬ್ ಕಟ್ಟಿದರು. ಆಟಗಾರರು ಬೇಕಲ್ಲ, ಊರ ಬಯಲಿನಲ್ಲಿ ಯಾರು ಬೇಕಾದರೂ ಬನ್ನಿ ಅಂತ ಆಯ್ಕೆ ಇಟ್ಟರು. ಬಂದವರು ಇನ್ನೂರಕ್ಕೂ ಹೆಚ್ಚು. ತೀರ ಕೆಳಗಿನ ಲೀಗಿನಿಂದ ಶುರು ಮಾಡಿ, 9 ವರ್ಷದಲ್ಲಿ 5 ಬಾರಿ ಬಡ್ತಿ ಪಡೆದು, 2011ರಲ್ಲಿ ದೇಶದ ನಾಲ್ಕನೇ ಹಂತದ ಲೀಗಿಗೆ ಏರಿದರು. ಮುಂದೆ ಅವರೂ ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ತಂದಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಟೀಮ್ ಯಾರದ್ದು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಬದಲಾಗಲಿಲ್ಲ. ಕೆಳಗಿನ ಲೀಗಿನಲ್ಲಿ ಆಡುವುದು ಅವರಿಗೆ ಅವಮಾನ ಅನ್ನಿಸಲಿಲ್ಲ.

ನಮ್ಮ ದೇಶದ್ದೇ ಬೇಕೇ? 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತದ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ಮೂರು ಗೋಲು ನಾಯಕ ಸುನಿಲ್ ಛೆಟ್ರಿಯದ್ದು. ನೋಡಲು ಬಂದವರು 2,569 ಜನ. ಮರುದಿನ ಛೆಟ್ರಿ ವಿಡಿಯೊ ಮಾಡಿ, ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಅಂತ ಕೈಮುಗಿದು ಕೇಳಿದ. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಮೈದಾನ ತುಂಬಿತು. ದೇಶದ ನಾಯಕನಿಗೇ ಬೇಡುವ ಗತಿ ಬಂದರೆ ನಮ್ಮೂರ ಹುಡುಗ ಯಾರ ಹತ್ತಿರ ಬೇಡಬೇಕು?

ನಮಗೂ ಒಂದು ಏಣಿ ಇದೆ, ನಾವು ನೋಡುವುದಿಲ್ಲ. ಪ್ರತಿ ವರ್ಷ ದಸರಾ ಕ್ರೀಡಾಕೂಟ ತಾಲೂಕು ಮಟ್ಟದಲ್ಲಿ ಶುರುವಾಗುತ್ತದೆ. ಗೆದ್ದವರು ಜಿಲ್ಲೆಗೆ, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ, ಕೊನೆಗೆ ಮೈಸೂರಿಗೆ. ನಾನು ಹೋದಾಗೆಲ್ಲ ಕಂಡದ್ದು: ಸುಡು ಬಿಸಿಲು, ಒಂದು ಶಾಮಿಯಾನ, ಸೀಟಿ ಊದುವ ದೈಹಿಕ ಶಿಕ್ಷಕರು, ಆಡುವ ಹುಡುಗರು, ಹುಡುಗಿಯರು. ನೋಡುವವರು ಇಪ್ಪತ್ತು ಜನರೂ ಇಲ್ಲ. ರಾತ್ರಿ ಎರಡೂವರೆಗೆ ಬಾಡಿಗೆ ಟೀಮಿಗೆ ಕೂಗಿದ ನಾವ್ಯಾರೂ ಹಗಲು ಹನ್ನೊಂದಕ್ಕೆ ನಮ್ಮ ಮಕ್ಕಳಿಗೆ ಚಪ್ಪಾಳೆ ಹೊಡೆಯಲು ಬರುವುದಿಲ್ಲ.

ಪೇಪರಿನವನಾಗಿ ನನ್ನ ತಪ್ಪೂ ಸಣ್ಣದಲ್ಲ. ಇಷ್ಟು ವರ್ಷ ನಾನು ಕಳಿಸಿದ ಕಬಡ್ಡಿ ಸುದ್ದಿಗಳನ್ನು ತೆಗೆದು ನೋಡಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿ ಕೂತವರು ಅಂತ ಹತ್ತು-ಹನ್ನೆರಡು ಹೆಸರು. ಕೊನೆಯ ಸಾಲಿನಲ್ಲಿ ಪ್ರಥಮ, ದ್ವಿತೀಯ ಬಹುಮಾನ ಪಡೆದ ಊರು. ಆಡಿದ ಒಬ್ಬನ ಹೆಸರೂ ಇಲ್ಲ. ಟೇಪು ಕತ್ತರಿಸಿದವನಿಗೆ ಫೋಟೊ ಕೊಟ್ಟು, ಕಾಲು ಮುರಿದುಕೊಂಡವನಿಗೆ ಒಂದಕ್ಷರ ಕೊಡದವನು ನಾನು.

ಹಾಗಾದರೆ ಏನು ಮಾಡಬೇಕು? ಸರ್ಕಾರ ಬರಲಿ ಅಂತ ಕಾಯುವ ಕೆಲಸ ಇದರಲ್ಲಿ ಇಲ್ಲ.

ಪಂದ್ಯಾವಳಿ ಇಡುವ ಯುವಕ ಸಂಘದವರು ಒಂದು ನಿಯಮ ಬರೆಯಲಿ: ಅಂಕಣದಲ್ಲಿರುವ ಏಳು ಜನರಲ್ಲಿ ಕನಿಷ್ಠ ಐವರು ಆ ಪಂಚಾಯ್ತಿಯ ವ್ಯಾಪ್ತಿಯವರೇ ಇರಬೇಕು, ಆಧಾರ್ ಕಾರ್ಡ್ ನೋಡಿ ಒಳಗೆ ಬಿಡಬೇಕು. ಕಸುಬಿನ ಆಟಗಾರರ ಹೊಟ್ಟೆ ಮೇಲೆ ಹೊಡೆಯುವುದು ಬೇಡ, ಅವರಿಗೆ ಓಪನ್ ವಿಭಾಗ ಅಂತ ಬೇರೆ ಇಡಲಿ. ಪಟ್ಟಿ ಕೊಡುವ ನಾವು "ಗೆದ್ದರ ಕೊಡ್ತೀವಿ" ಅನ್ನುವುದನ್ನು ಬಿಟ್ಟು, ಮನೆಗೆ ಐವತ್ತು ರೂಪಾಯಿ ಆದರೂ ಸರಿ, ಸೀಸನ್ ಶುರುವಿನಲ್ಲೇ ಕೊಡೋಣ. ಅದು ಪ್ರವೇಶ ಶುಲ್ಕಕ್ಕೆ, ಮೊಣಕಾಲಿನ ಪಟ್ಟಿಗೆ, ಪ್ರಾಕ್ಟೀಸ್ ಮುಗಿದ ಮೇಲೆ ಬಾಳೆಹಣ್ಣು, ಮೊಟ್ಟೆಗೆ ಹೋಗಲಿ. ನನ್ನ ಪಾಲಿಗೆ, ಇನ್ನು ಮುಂದೆ ನಾನು ಕಳಿಸುವ ಸುದ್ದಿಯಲ್ಲಿ ಆಡಿದ ಏಳು ಹೆಸರು ಮೊದಲು. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಈ ಬ್ಲಾಗಿನಲ್ಲಿ ಹಾಕುತ್ತೇನೆ.

ಹೀಗೆ ಮಾಡಿದರೆ ಗೆಲ್ಲುತ್ತೇವೆಯೇ? ಇಲ್ಲ. ಒಂದೆರಡು ವರ್ಷ ಚೆನ್ನಾಗಿಯೇ ಸೋಲುತ್ತೇವೆ. ಪಕ್ಕದೂರಿನವರು ಬಾಡಿಗೆ ಹುಡುಗರನ್ನು ತಂದು ನಮ್ಮನ್ನು ಆಲೌಟ್ ಮಾಡಿ ನಗುತ್ತಾರೆ. ನಗಲಿ. ಸೋತ ಹುಡುಗ ಮಾರನೇ ದಿನ ಚಹಾದಂಗಡಿ ಮುಂದೆ ತಲೆ ತಗ್ಗಿಸದೆ ಹೋಗುವಂತಾದರೆ ಅವನು ಸಂಜೆ ಬಯಲಿಗೆ ಬರುತ್ತಾನೆ, ತಮ್ಮನನ್ನೂ ಕರೆದುಕೊಂಡು ಬರುತ್ತಾನೆ. ಟೀಮ್ ಅಂದರೆ ಅದು.

ಈ ಸಲ ದಸರಾ ಕ್ರೀಡಾಕೂಟಕ್ಕೆ ನಮ್ಮ ನಾಲ್ಕು ಹುಡುಗರು ಇನ್ನು ಮೂವರನ್ನು ಹುಡುಕುತ್ತಿದ್ದಾರೆ, ಊರೊಳಗೇ. ಸಿಕ್ಕರೆ ಆಡುತ್ತಾರೆ, ಬಹುಶಃ ಮೊದಲ ಸುತ್ತಿನಲ್ಲೇ ಹೊರಗೆ ಬರುತ್ತಾರೆ. ನಾನು ಗೆರೆಯ ಹತ್ತಿರ ಇರುತ್ತೇನೆ. ನೀವೂ ಬನ್ನಿ. ನಾನು ಪೆನ್ನು ತೆಗೆದು ಹೆಸರು ಕೇಳಿದಾಗ ಏಳೂ ಹೆಸರು ನಿಮಗೆ ಗೊತ್ತಿರಲಿ.