ಯಾವ ಪಿಕಪ್ ಚಲೋ ಎಂಬ ವಾದದ ಹಿಂದೆ

ಹಲಸಂಗಿ, ಚಡಚಣ, ಇಂಡಿ ಕಡೆ ಗೂಡ್ಸ್ ಗಾಡಿಗಳು ನಿಲ್ಲುವ ಜಾಗದಲ್ಲಿ ಅರ್ಧ ತಾಸು ನಿಂತರೆ ಸಾಕು, ಈ ವಾದ ಕಿವಿಗೆ ಬೀಳುತ್ತದೆ. ‘ಮಹೀಂದ್ರಾ ಪಿಕಪ್ ಬಿಟ್ಟು ಬ್ಯಾರೆ ಗಾಡಿ ತಗೋಬ್ಯಾಡ ತಮ್ಮಾ, ಎರಿ ಹೊಲದಾಗ ಹೂತ್ರೂ ಎದ್ದು ಬರ್ತದ’ ಎಂದು ಒಬ್ಬರು. ‘ಮೊದಲ ಮೈಲೇಜ್ ಹೇಳ್ರಿ ಕಾಕಾ, ನಮ್ಮ ದೋಸ್ತ್ ಮುಂದ ನಿಲ್ತದೇನು ನಿಮ್ದು?’ ಎಂದು ಇನ್ನೊಬ್ಬ. ಟಾಟಾದವರು ಸುಮ್ಮನಿರುತ್ತಾರೆಯೇ? ‘ಛೋಟಾ ಹಾಥಿ ಬರೂಕಿಂತ ಮೊದಲ ನೀವೆಲ್ಲ ಏನ್ ಹೊಡೀತಿದ್ರಿ’ ಎಂದು ಬಾಯಿ ಮುಚ್ಚಿಸಲು ನೋಡುತ್ತಾರೆ.

ಕಟ್ಟೆಯ ಹರಟೆ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಪದವಿ ಮುಗಿಸಿ ಮೂರ‍್ನಾಲ್ಕು ಬಾರಿ ಪರೀಕ್ಷೆ ಬರೆದು ಮನೆಯಲ್ಲಿ ಕೂತವನಿಗೆ ‘ಒಂದು ಪಿಕಪ್ ಹಾಕ್ಕೋ’ ಎನ್ನುವ ಸಲಹೆ ಈಗ ಎಲ್ಲ ಕಡೆಯಿಂದ ಬರುತ್ತಿದೆ. ಅದಕ್ಕೆ ಕಾರಣಗಳೂ ಇವೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನ ಓಡಿಸಲು ಬೇರೆ ಅನುಮತಿ ಬೇಕಿಲ್ಲ ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಪಿಕಪ್‌ಗಳೆಲ್ಲ ಈ ಮಿತಿಯೊಳಗೇ ಬರುತ್ತವೆ. ರಾಜ್ಯದ ಸ್ವಾವಲಂಬಿ ಸಾರಥಿ ಯೋಜನೆಯ ಸಹಾಯಧನ ಬೇರೆ. ಹೀಗಾಗಿ ಕಟ್ಟೆಯ ಮಾತು ಕೇಳಿ ಏಳೆಂಟು ಲಕ್ಷದ ನಿರ್ಧಾರ ಆಗಿಹೋಗುತ್ತದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತೂಗಿ ನೋಡುವುದು ಒಳ್ಳೆಯದು.

ಕಂಪನಿಯ ಮೇಲಿನ ಈ ಅಭಿಮಾನ ಆಕಾಶದಿಂದ ಬಿದ್ದದ್ದಲ್ಲ. ಮಹೀಂದ್ರಾ ಹೆಸರು ಹಳ್ಳಿಗೆ ಪಿಕಪ್‌ಗಿಂತ ಮೊದಲೇ ಜೀಪು ಮತ್ತು ಟ್ರ್ಯಾಕ್ಟರ್ ಮೂಲಕ ಬಂದಿತ್ತು. ಟಾಟಾದವರು 1986ರಲ್ಲಿ 407 ತಂದರು, 2005ರಲ್ಲಿ ಏಸ್ ತಂದರು. ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಆ ಪುಟ್ಟ ಗಾಡಿಯೇ ಮೂರು ಗಾಲಿಯ ಗೂಡ್ಸ್ ಆಟೊ ಹೊಡೆಯುತ್ತಿದ್ದವರನ್ನು ನಾಲ್ಕು ಗಾಲಿಯ ಮಾಲೀಕರನ್ನಾಗಿ ಮಾಡಿತು. ನಿಸ್ಸಾನ್ ಜೊತೆಗೂಡಿ ಅಶೋಕ್ ಲೇಲ್ಯಾಂಡ್ ದೋಸ್ತ್ ತಂದದ್ದು 2011ರಲ್ಲಿ. ಯಾರ ಮನೆಗೆ ಯಾವ ಗಾಡಿ ಮೊದಲು ಅನ್ನ ಕೊಟ್ಟಿತೋ ಅದರ ಮೇಲೆ ಅವರಿಗೆ ಮಮತೆ. ಅಮೆರಿಕದಲ್ಲೂ ಹೀಗೆಯೇ. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಫೋರ್ಡ್ ಎಫ್ ಸರಣಿಯದು. ಫೋರ್ಡ್ ಮನೆತನ, ಷೆವರ್ಲೆ ಮನೆತನ ಎಂಬಷ್ಟರ ಮಟ್ಟಿಗೆ ಜನ ಹಂಚಿಹೋಗಿದ್ದಾರೆ. ವ್ಯತ್ಯಾಸ ಒಂದೇ: ಅಲ್ಲಿ ಎಷ್ಟೋ ಮಂದಿಗೆ ಪಿಕಪ್ ಎಂದರೆ ಮನೆಯ ಗಾಡಿ, ನಮಗೆ ಅದು ಎತ್ತಿನ ಜಾಗದಲ್ಲಿ ನಿಂತ ದುಡಿಮೆ.

ಇನ್ನು ‘ಕೈಕೊಡೂದಿಲ್ಲ’ ಎಂಬ ಮಾತು. ಇದನ್ನು ಹೇಳುವವರು ಯಾರು ಎಂದು ನೋಡಿ. ಗಾಡಿ ಉಳಿಸಿಕೊಂಡವರು. ಕಂತು ಕಟ್ಟಲಾಗದೆ ಫೈನಾನ್ಸ್‌ನವರು ಎಳೆದುಕೊಂಡು ಹೋದ ಗಾಡಿಯ ಮಾಲೀಕ ಆ ಕಟ್ಟೆಯ ಮೇಲೆ ಕೂತಿರುವುದಿಲ್ಲ. ಅವನು ಪುಣೆಯಲ್ಲೋ ಬೆಂಗಳೂರಿನಲ್ಲೋ ಬೇರೆಯವರ ಗಾಡಿ ಓಡಿಸುತ್ತಿರುತ್ತಾನೆ. ಅವನ ಅನುಭವ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯದು ಹೇರು. ಗಟ್ಟಿತನಕ್ಕೆ ನಮ್ಮಲ್ಲಿ ಕೊಡುವ ಸಾಕ್ಷಿಯೇ ವಿಚಿತ್ರ: ‘ಒಂದೂವರೆ ಟನ್ನಿನ ಗಾಡಿಯಾಗ ಎರಡೂವರೆ ಹೇರೀನಿ.’ ಹೀಗೆ ಹೇರಿದವನ ಪಾಟಾ ಮುರಿದರೆ ಕಂಪನಿ ಕೆಟ್ಟದ್ದು, ಮುರಿಯದಿದ್ದರೆ ಕಂಪನಿ ದೇವರು. ಬ್ರೇಕು, ಟೈರು, ಕ್ಲಚ್ ಪ್ಲೇಟು ಬೇಗ ಸವೆಯುವುದನ್ನು ಯಾರೂ ಹೇರಿನ ಖಾತೆಗೆ ಬರೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿಮೀರಿದ ಹೇರಿಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಸಿಕ್ಕಿಬಿದ್ದರೆ ಒಂದು ತಿಂಗಳ ಕಂತು ಹೋಯಿತು.

ನನ್ನ ಎಣಿಕೆಯಲ್ಲಿ ಗಟ್ಟಿತನದ ದೊಡ್ಡ ಪಾಲು ಇರುವುದು ಗಾಡಿಯೊಳಗಲ್ಲ, ಊರೊಳಗೆ. 2ರಿಂದ 3.5 ಟನ್ ವರ್ಗದ ಪಿಕಪ್‌ಗಳಲ್ಲಿ ಮಹೀಂದ್ರಾ ದೇಶದಲ್ಲೇ ಮುಂದಿದೆ. ಹೆಚ್ಚು ಗಾಡಿ ಇದ್ದಲ್ಲಿ ಹೆಚ್ಚು ಮೆಕ್ಯಾನಿಕ್‌ಗಳು ಅದನ್ನೇ ಕಲಿಯುತ್ತಾರೆ, ಅಂಗಡಿಯವನು ಅದರದ್ದೇ ಸಾಮಾನು ಇಡುತ್ತಾನೆ. ಕೆಟ್ಟ ಗಾಡಿ ಸಂಜೆಯೊಳಗೆ ರಸ್ತೆಗಿಳಿಯುತ್ತದೆ. ಇನ್ನೊಂದು ಕಂಪನಿಯ ಗಾಡಿ ಕಡಿಮೆ ಕೆಟ್ಟರೂ ಒಂದು ಸಾಮಾನಿಗಾಗಿ ನಾಲ್ಕು ದಿನ ನಿಂತರೆ ಅದಕ್ಕೆ ‘ಖೊಟ್ಟಿ’ ಎಂಬ ಹೆಸರು ಗ್ಯಾರಂಟಿ. ಮರುಮಾರಾಟದ ಬೆಲೆಯೂ ಇದೇ ಸುತ್ತಿನಲ್ಲಿ ತಿರುಗುತ್ತದೆ. ಆದ್ದರಿಂದ ಊರಿನವರು ಕೊಂಡದ್ದನ್ನೇ ಕೊಳ್ಳುವುದು ಮೂಢತನ ಎಂದು ನಾನು ಹೇಳಲಾರೆ. ಆದರೆ ಅದು ಎಂಜಿನ್ನಿನ ಗುಣ ಅಲ್ಲ, ಗ್ಯಾರೇಜಿನ ಗುಣ. ಹಲಸಂಗಿಗೆ ಸರಿಯಾದದ್ದು ಮುದ್ದೇಬಿಹಾಳಕ್ಕೋ ಸಿಂದಗಿಗೋ ಸರಿಯಾಗಬೇಕೆಂದಿಲ್ಲ.

2020ರ ಏಪ್ರಿಲ್‌ನಿಂದ ಬಿಎಸ್-6 ಕಡ್ಡಾಯವಾದ ಮೇಲೆ ಆ ಗ್ಯಾರೇಜಿನ ಲೆಕ್ಕವೂ ಏರುಪೇರಾಗಿದೆ. ಹಳೆಯ ಗಾಡಿಯ ದೋಷವನ್ನು ಸದ್ದು ಕೇಳಿ, ಹೊಗೆ ನೋಡಿ ಹೇಳುತ್ತಿದ್ದ ಮೇಸ್ತ್ರಿಗೆ ಈಗ ಸ್ಕ್ಯಾನರ್ ಬೇಕು. ಹೊಗೆ ಶುದ್ಧ ಮಾಡುವ ವ್ಯವಸ್ಥೆಯ ಒಂದು ಸೆನ್ಸರ್ ತಪ್ಪು ತೋರಿಸಿದರೂ ಮೀಟರಿನಲ್ಲಿ ಎಂಜಿನ್ ದೀಪ ಹತ್ತುತ್ತದೆ. ‘ಬಿಎಸ್-4 ಚಲೋ ಇತ್ತು’ ಎನ್ನುವವರು ಎಲ್ಲ ಕಂಪನಿಯವರಲ್ಲೂ ಇದ್ದಾರೆ. ಇಲ್ಲಿ ಮಾತ್ರ ಜಗಳವಾಡುವವರು ಒಂದಾಗುತ್ತಾರೆ! ಐಟಿಐ ಓದುತ್ತಿರುವವರು ಇದನ್ನು ಕಿವಿಗೊಟ್ಟು ಕೇಳಬೇಕು. ಸ್ಕ್ಯಾನರ್ ಓದಬಲ್ಲ ಹುಡುಗ ತಾಲ್ಲೂಕಿನಲ್ಲೇ ಇದ್ದರೆ ಪ್ರತಿ ದೀಪಕ್ಕೂ ವಿಜಯಪುರಕ್ಕೆ ಓಡುವುದು ತಪ್ಪುತ್ತದೆ. ಪಿಕಪ್ ಕೊಳ್ಳುವುದಕ್ಕಿಂತ ಕಡಿಮೆ ಬಂಡವಾಳದ ಕೆಲಸ ಅದು.

ಈಗ ಕಂತಿನ ಲೆಕ್ಕ. 8 ಲಕ್ಷ ಸಾಲ, ಶೇ 11 ಬಡ್ಡಿ, 5 ವರ್ಷ ಎಂದುಕೊಳ್ಳಿ. ತಿಂಗಳಿಗೆ ಸುಮಾರು 17,400 ರೂಪಾಯಿ. ತಿಂಗಳಲ್ಲಿ 24 ದಿನ ಬಾಡಿಗೆ ಸಿಕ್ಕರೆ ದಿನಕ್ಕೆ 725 ಕಂತಿಗೇ ಎತ್ತಿಡಬೇಕು. 12 ದಿನ ಮಾತ್ರ ಸಿಕ್ಕರೆ 1,450. ಡೀಸೆಲ್, ವಿಮೆ, ಟೈರು, ಊಟ ಇದರ ಮೇಲೆ. ಎರಡು ಕಂಪನಿಗಳ ನಡುವೆ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚುಕಡಿಮೆ ಎಂದು ಗಂಟೆಗಟ್ಟಲೆ ವಾದಿಸುವವರು ಈ 24 ಮತ್ತು 12ರ ಅಂತರದ ಬಗ್ಗೆ ಮಾತೇ ಆಡುವುದಿಲ್ಲ.

ಸಿದ್ಧೇಶ್ವರ ಜಾತ್ರೆಗೆ ಎತ್ತು ಕೊಳ್ಳಲು ಹೋಗುತ್ತಿದ್ದ ನಮ್ಮ ಹಿರಿಯರಿಗೆ ಖಿಲಾರಿ ತಳಿಯ ಮೇಲೆ ಕಡಿಮೆ ಅಭಿಮಾನವೇನೂ ಇರಲಿಲ್ಲ. ಆದರೂ ಹಲ್ಲು ಎಣಿಸದೆ, ಸುಳಿ ನೋಡದೆ, ನಡೆಸಿ ನೋಡದೆ ಹಗ್ಗ ಹಿಡಿಯುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವಾಗ ಚಾಸಿಯಲ್ಲಿ ವೆಲ್ಡಿಂಗ್ ಗುರುತಿದೆಯೇ, ಟೈರು ಒಂದೇ ಕಡೆ ಸವೆದಿದೆಯೇ, ಆರ್‌ಸಿಯಲ್ಲಿ ಇನ್ನೂ ಫೈನಾನ್ಸ್ ಹೆಸರಿದೆಯೇ ಎಂದು ನೋಡುವವರು ಎಷ್ಟು ಜನ? ‘ಮಹೀಂದ್ರಾ ಅದ’ ಎಂದರೆ ವ್ಯವಹಾರ ಮುಗಿಯಿತು.

ಹೊಸದು ಕೊಳ್ಳುವವನು ಕೇಳಬೇಕಾದ್ದು ಬೇರೆ ಇದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ದ್ರಾಕ್ಷಿ, ದಾಳಿಂಬೆ, ಕಬ್ಬಿನ ನಾಡು ಇದು, ಸೊಲ್ಲಾಪುರದ ಪೇಟೆ ಹತ್ತಿರ. ಹೇರು ಇದೆ ನಿಜ. ಆದರೆ ಸುಗ್ಗಿಯಲ್ಲಿ ಎಲ್ಲರಿಗೂ ಒಮ್ಮೆಲೇ ಬಾಡಿಗೆ, ಉಳಿದ ದಿನ ಎಲ್ಲರೂ ಒಮ್ಮೆಲೇ ಖಾಲಿ. ಊರಲ್ಲಿ ಈಗಾಗಲೇ ಹತ್ತು ಪಿಕಪ್ ಇದ್ದರೆ ಹನ್ನೊಂದನೆಯದಕ್ಕೆ ಯಾರ ಹೇರು? ಸೊಲ್ಲಾಪುರಕ್ಕೆ ಲಿಂಬೆ ಒಯ್ದವನಿಗೆ ಬರುವಾಗ ಕಿರಾಣಿಯೋ ಸಿಮೆಂಟೋ ಸಿಗುತ್ತದೆಯೇ, ಖಾಲಿ ಬರಬೇಕೇ? ವರ್ಷವಿಡೀ ಮಾಲು ಕೊಡುವ ಒಬ್ಬ ವ್ಯಾಪಾರಿಯಾದರೂ ಗೊತ್ತಿದ್ದಾನೆಯೇ? ಷೋರೂಮಿನವರು ಇದನ್ನು ಹೇಳುವುದಿಲ್ಲ, ಅವರ ಕೆಲಸವೂ ಅದಲ್ಲ. ಕಟ್ಟೆಯ ಮೇಲಿರುವ ಹತ್ತು ಮಂದಿಗೆ ಮಾತ್ರ ಇದು ಪಕ್ಕಾ ಗೊತ್ತಿರುತ್ತದೆ. ಯಾವ ಕಂಪನಿ ಚಲೋ ಎಂದು ಕೇಳುವ ಬದಲು ಕಳೆದ ತಿಂಗಳು ಎಷ್ಟು ದಿನ ಗಾಡಿ ಹೊರಬಿತ್ತು ಎಂದು ಅವರನ್ನು ಕೇಳಿ ನೋಡಿ.