ಮೇಜಿನ ಮೇಲೊಂದು ಕಾರಂಜಿ

ನಮ್ಮ ಸಂಘದ ಓದುಕೋಣೆಯಲ್ಲಿ, ಈ ಸೀಮೆಯವರು ಅಭ್ಯಾಸಿಕೆ ಎನ್ನುವ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿದ್ದ ಉದ್ದನೆಯ ಮೇಜನ್ನು ಕೆಲವು ತಿಂಗಳ ಹಿಂದೆ ಒಳಗೋಡೆಯ ಮೂಲೆಗೆ ಸರಿಸಲಾಯಿತು. ಕಿಟಕಿಯ ಬಳಿ ಕೂತವರಿಗೆ ಬೆನ್ನಾಸರೆ ಇಲ್ಲವೆಂದೂ, ಗೋಡೆಯೇ ಬೆಟ್ಟವೆಂದೂ, ಬೆಟ್ಟ ಬೆನ್ನಿಗಿದ್ದರೆ ಓದು ಫಲಿಸುವುದೆಂದೂ ಫೆಂಗ್ ಶುಯಿ ಬಲ್ಲವರೊಬ್ಬರು ಸಲಹೆಯಿತ್ತರು. ದಾನಿಗಳೊಬ್ಬರ ಕೃಪೆಯಿಂದ ಆಗ್ನೇಯ ಮೂಲೆಗೆ ವಿದ್ಯುತ್ತಿನ ಪುಟ್ಟ ಕಾರಂಜಿ ಬಂದಿತು. ಜೊತೆಗೆ ನಗುವ ಬುದ್ಧನೂ ಲಕ್ಕಿ ಬಾಂಬೂ ಗಿಡವೂ ಬಂದವು. ಅಂದಿನಿಂದ ಹಾಡಹಗಲಿನಲ್ಲಿಯೂ ಟ್ಯೂಬ್‌ಲೈಟು ಉರಿಯಬೇಕು. ಕರೆಂಟು ಹೋದರೆ ಮಕ್ಕಳು ಪುಸ್ತಕ ಎತ್ತಿಕೊಂಡು ಹೊರಗಿನ ಕಟ್ಟೆಗೆ ನಡೆಯುತ್ತಾರೆ. ದಾನಿಗಳ ಮನಸ್ಸು ನೊಂದೀತೆಂದು ಅಂದಿನ ಸಭೆಯಲ್ಲಿ ಸುಮ್ಮನೆ ಕೂತವರಲ್ಲಿ ನಾವೂ ಇದ್ದೆವು. ಆ ಮೌನದ ಸಾಲವನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ.

ಫೆಂಗ್ ಶುಯಿಯನ್ನು ಅದು ಹುಟ್ಟಿದ ನೆಲದಲ್ಲಿಟ್ಟು ನೋಡಿದರೆ ನಗುವ ಹಾಗಿಲ್ಲ. ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಗೋರಿಗೂ ಮನೆಗೂ ಊರಿಗೂ ತಕ್ಕ ಜಾಗ ಆರಿಸಲು ಚೀನಾದ ಜನ ಕಟ್ಟಿಕೊಂಡ ಕ್ರಮವಿದು. ಉತ್ತರ ಚೀನಾದಲ್ಲಿ ಚಳಿಗಾಲದ ಕೊರೆಯುವ ಗಾಳಿ ಮಂಗೋಲಿಯಾ, ಸೈಬೀರಿಯಾಗಳ ಕಡೆಯಿಂದ ಬೀಸುತ್ತದೆ. ಬಿಸಿಲು ದಕ್ಷಿಣದಿಂದ ಬೀಳುತ್ತದೆ. ಉತ್ತರಕ್ಕೆ ಬೆಟ್ಟದ ಮರೆ, ದಕ್ಷಿಣಕ್ಕೆ ಬಾಗಿಲು, ಎದುರಿಗೆ ನೀರು ಇರುವ ಮನೆ ಅಲ್ಲಿ ಬೆಚ್ಚಗೆ ಬಾಳುತ್ತದೆ. ಚಕ್ರವರ್ತಿಯೂ ದಕ್ಷಿಣಕ್ಕೆ ಮುಖ ಮಾಡಿಯೇ ಸಿಂಹಾಸನದಲ್ಲಿ ಕೂರುತ್ತಿದ್ದ. ಅದರಲ್ಲಿ ತಲೆಮಾರುಗಳ ಅನುಭವವಿದೆ. ಆದರೆ ಮಂಗೋಲಿಯಾದ ಗಾಳಿಗೆ ಅಂಜಿ ಸೊಲ್ಲಾಪುರದ ಬಿರುಬಿಸಿಲಿನ ಊರಿನಲ್ಲಿ ಮಕ್ಕಳನ್ನು ಕಿಟಕಿಯಿಂದ ಎಬ್ಬಿಸುವುದು ಯಾವ ವಿವೇಕ?

ಇನ್ನು ನಮ್ಮ ವಾಸ್ತುವಿನವರನ್ನು ಕೇಳಿ ನೋಡಿ. ದಕ್ಷಿಣ ಯಮನ ದಿಕ್ಕು, ಓದುವವರು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಬೇಕು ಎನ್ನುತ್ತಾರೆ. ಫೆಂಗ್ ಶುಯಿಯಲ್ಲಿ ಆಗ್ನೇಯವು ಸಂಪತ್ತಿನ ಮೂಲೆ, ಮರದ ತತ್ತ್ವದ್ದು. ಮರಕ್ಕೆ ನೀರು ಬೇಕು, ಆದ್ದರಿಂದ ಕಾರಂಜಿ. ವಾಸ್ತುವಿನಲ್ಲಿ ಅದೇ ಮೂಲೆ ಅಗ್ನಿಯದು, ಅಲ್ಲಿ ನೀರು ಸಲ್ಲದು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಲಿನ್ ಯುನ್ ಎಂಬ ಗುರು ಹಬ್ಬಿಸಿದ ಪಂಥವಂತೂ ದಿಕ್ಸೂಚಿಯನ್ನೇ ಪಕ್ಕಕ್ಕಿಟ್ಟು, ಬಾಗಿಲಿನಿಂದ ಮೂಲೆಗಳನ್ನು ಎಣಿಸುತ್ತದೆ. ಬಾಗಿಲು ಬದಲಾದರೆ ಸಂಪತ್ತಿನ ಮೂಲೆಯೂ ಬದಲಾಯಿತು! ಒಂದೇ ಮೇಜಿನ ಮುಂದೆ ಈ ಮೂವರನ್ನೂ ನಿಲ್ಲಿಸಿದರೆ ಒಬ್ಬರ ಶುಭ ಮತ್ತೊಬ್ಬರ ಅಶುಭ. ನಮ್ಮ ಸಲಹೆಗಾರರು ಮಾತ್ರ ಮೂರನ್ನೂ ಒಂದೇ ಶುಲ್ಕಕ್ಕೆ ಬೆರೆಸಿ ಕೊಟ್ಟರು.

ಮೇಜಿನ ಮೇಲೆ ಬಂದು ಕೂತ ಸರಕುಗಳ ಕಥೆ ಇನ್ನೂ ಸೊಗಸಾದದ್ದು. ಆ ನಗುವ ಬುದ್ಧ ಗೌತಮನಲ್ಲ. 10ನೆಯ ಶತಮಾನದ ಸುಮಾರಿಗೆ ಚೀನಾದಲ್ಲಿ ಅಲೆದನೆನ್ನಲಾದ ಬುದಾಯಿ ಎಂಬ ಸನ್ಯಾಸಿ. ಬುದಾಯಿ ಎಂದರೆ ಬಟ್ಟೆಯ ಚೀಲ. ಒಂದು ಚೀಲದ ಹೊರತು ಏನನ್ನೂ ಇಟ್ಟುಕೊಳ್ಳದವನನ್ನು ಜನ ಗಲ್ಲಾಪೆಟ್ಟಿಗೆಯ ಕಾವಲಿಗೆ ಕೂರಿಸಿದ್ದಾರೆ. ಲಕ್ಕಿ ಬಾಂಬೂ ಎಂಬುದು ಬಿದಿರೂ ಅಲ್ಲ, ಚೀನಾದ್ದೂ ಅಲ್ಲ. ಆಫ್ರಿಕಾ ಮೂಲದ ಡ್ರಸೀನಾ ಜಾತಿಯ ಗಿಡ.

ಬೆನ್ನ ಹಿಂದೆ ಜನ ಓಡಾಡುತ್ತಿದ್ದರೆ ಮನಸ್ಸು ನಿಲ್ಲದು, ಮೇಜಿನ ಮೇಲೆ ಹಳೆಯ ಕಾಗದದ ರಾಶಿ ಇರಬಾರದು ಎಂಬ ಮಾತುಗಳೂ ಆ ಶಾಸ್ತ್ರದಲ್ಲಿವೆ. ಒಪ್ಪುತ್ತೇವೆ. ಅಷ್ಟನ್ನು ನಮ್ಮ ಅಜ್ಜಿಯಂದಿರು ಕಸಬರಿಗೆ ಹಿಡಿದುಕೊಂಡೇ ಹೇಳಿದ್ದರು, ಶುಲ್ಕ ಕೇಳಿರಲಿಲ್ಲ.

ನಮ್ಮ ನಿಜವಾದ ತಕರಾರು ಬೇರೆಯದು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಈ ಕೋಣೆಗೆ ಬರುತ್ತಾರೆ. ಅವರು ಬರೆಯಬೇಕಾದ ಈ ರಾಜ್ಯದ ಲೋಕಸೇವಾ ಆಯೋಗದ ಪರೀಕ್ಷೆ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅವರ ಕೈಗೆ ಬೇಕಾದದ್ದು ಮರಾಠಿ–ಕನ್ನಡ ನಿಘಂಟು. ನಮ್ಮ ಕಪಾಟಿನಲ್ಲಿರುವುದು ಒಂದೇ ಪ್ರತಿ, ಅದರ ಕೊನೆಯ ಪುಟಗಳು ಹಾರಿಹೋಗಿವೆ. ಕುರ್ಚಿಗಳಲ್ಲಿ ಕೆಲವಕ್ಕೆ ಬೆನ್ನೇ ಇಲ್ಲ. ಬೆನ್ನಿಗೆ ಬೆಟ್ಟವನ್ನು ಹುಡುಕಿದವರ ಕಣ್ಣಿಗೆ ಇದು ಬೀಳಲಿಲ್ಲ. ದಿಕ್ಕಿನ ಶಾಸ್ತ್ರ ಮಾಡುವ ಅನ್ಯಾಯ ಇಲ್ಲಿಯೇ ಇದೆ: ಬೆಳಕು, ಕುರ್ಚಿ, ಪುಸ್ತಕ ಒದಗಿಸಬೇಕಾದವರ ಹೊಣೆಯನ್ನು ಅದು ಗೋಡೆಗೆ ದಾಟಿಸುತ್ತದೆ. ಆಮೇಲೆ ಮಗು ನಪಾಸಾದರೆ ಮೇಜನ್ನು ಮತ್ತೊಮ್ಮೆ ತಿರುಗಿಸಿದರಾಯಿತು.

ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಮನೆಗಳ ಮಕ್ಕಳೂ ಇವರಲ್ಲಿದ್ದಾರೆ. ಅವರ ಕಣ್ಣೆದುರು ಒಂದು ತಂಬಿಗೆ ನೀರನ್ನು ದಿನವಿಡೀ ಸುತ್ತಿಸುತ್ತ ಇದು ಸಂಪತ್ತು ಎನ್ನುವುದಕ್ಕೆ ನಮಗೆ ನಾಲಗೆ ಏಳದು. ನೀರು ಶುಭವೆಂಬುದನ್ನು ನಾವು ಹೊರಗಿನಿಂದ ಕಲಿಯಬೇಕೆ? 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ತೋಡಿಸಿದರು, ಅದನ್ನೇ ಕಾಯಕವೆಂದರು. ಆ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ.

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ನಾವು ಒಂದು ಠರಾವು ಮಂಡಿಸಲಿದ್ದೇವೆ. ಮೇಜು ಕಿಟಕಿಗೆ ಮರಳಲಿ, ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ಬೆಳಕು ಎಡಗಡೆಯಿಂದ ಬರಲಿ. ಕಾಲು ನೆಲಕ್ಕೆ ತಾಗುವಂಥ, ಬೆನ್ನಿರುವ ಕುರ್ಚಿಗಳು ಬರಲಿ. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಬಿಸಿಲಿಗೆ ಒಂದು ಲಾವಂಚದ ತಟ್ಟಿ, ಕಪಾಟಿಗೆ ನಾಲ್ಕು ಹೊಸ ನಿಘಂಟು. ದಾನಿಗಳು ಮುನಿಯಬೇಕಾಗಿಲ್ಲ. ಕಾರಂಜಿಯ ಪ್ಲಗ್ಗಿಗೆ ಮೇಜುದೀಪವನ್ನು ಸಿಕ್ಕಿಸಬಹುದು. ಅವರ ಹೆಸರಿನ ಫಲಕ ದೀಪದ ಬುಡದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.