ಒಂದೇ ಎಲೆ, ಹಲವು ಚಹಾ

ಯಾರೋ ಹೇಳಿದರೆಂದು ಮನೆಯ ಯಜಮಾನರು ಪೇಟೆಯಿಂದ ಹಸಿರು ಚಹಾದ ಪೊಟ್ಟಣ ತಂದರು. ಮನೆಯಾಕೆ ಎಂದಿನಂತೆ ಅದನ್ನು ಐದು ನಿಮಿಷ ಕುದಿಸಿ, ಹಾಲು ಸಕ್ಕರೆ ಬೆರೆಸಿ ಕೊಟ್ಟರು. ಒಂಬತ್ತನೇ ತರಗತಿಯ ಮಗಳು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು: "ಅಮ್ಮಾ, ಇದೇನು ಕಷಾಯಾನಾ?" ಪೊಟ್ಟಣ ಅಟ್ಟ ಸೇರಿತು.

ತಪ್ಪು ಎಲೆಯದಲ್ಲ. ಹಸಿರು ಚಹಾ, ಊಲಾಂಗ್, ನಮ್ಮ ಕಪ್ಪು ಚಹಾ ಎಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಕುಡಿಗಳು. ಎಲೆಯಲ್ಲಿ ಕ್ಯಾಟೆಚಿನ್ ಎಂಬ ಒಗರು ವಸ್ತುಗಳೂ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಎಲೆಯನ್ನು ಹೊಸಕಿದಾಗ ಎರಡೂ ಕೂಡಿ, ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಎಲೆ ಕಂದಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಇದನ್ನು ಬಹಳ ಕಾಲ 'ಹುದುಗುವಿಕೆ' ಎಂದೇ ಕರೆದರು. ನಿಜಕ್ಕೂ ಇದು ಉತ್ಕರ್ಷಣ. ಹಸಿರು ಚಹಾಕ್ಕೆ ಕಿತ್ತ ಎಲೆಯನ್ನು ಬೇಗನೆ ಬಾಣಲೆಯಲ್ಲಿ ಹುರಿಯುತ್ತಾರೆ, ಇಲ್ಲವೇ ಹಬೆಯಲ್ಲಿ ಬೇಯಿಸುತ್ತಾರೆ. ಕಿಣ್ವ ಕೆಲಸ ನಿಲ್ಲಿಸುತ್ತದೆ, ಹಸಿರು ಉಳಿಯುತ್ತದೆ. ಊಲಾಂಗ್ ನಡುದಾರಿಯದು.

ಹಾಗಾಗಿ ಹಸಿರು ಎಲೆಯಲ್ಲಿ ಕ್ಯಾಟೆಚಿನ್ ಬಹುಪಾಲು ಹಾಗೆಯೇ ಇರುತ್ತದೆ. ಕುದಿಸಿದರೆ ಅದೆಲ್ಲ ನೀರಿಗಿಳಿದು ನಾಲಿಗೆ ಒಗರಾಗುತ್ತದೆ. ಅದಕ್ಕೆ ಬೇಕಾದ್ದು ಸುಮಾರು 80 ಡಿಗ್ರಿ ಸೆಲ್ಸಿಯಸ್ ನೀರು, ಎರಡೇ ನಿಮಿಷ. ಉಷ್ಣತಾಮಾಪಕ ಇಲ್ಲವೆ? ಮೂರು ಲೋಟ ಕುದಿನೀರಿಗೆ ಒಂದು ಲೋಟ ತಣ್ಣೀರು ಬೆರೆಸಿ. ತಣ್ಣೀರು 25 ಡಿಗ್ರಿ ಇದ್ದರೆ ಉತ್ತರ ಎಷ್ಟು ಬರುತ್ತದೆಂದು ಮಕ್ಕಳೇ ಲೆಕ್ಕ ಹಾಕಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ ಎಂಬುದನ್ನು ಮರೆಯಬಾರದು.

ಇಡೀ ಎಲೆಯ ಕಪ್ಪು ಚಹಾಕ್ಕೆ ಆಗತಾನೇ ಕುದಿದ ನೀರು ಹೊಯ್ದು, ಮುಚ್ಚಿ, ನಾಲ್ಕು ನಿಮಿಷ ಬಿಟ್ಟರಾಯಿತು. ನಮ್ಮ ಮನೆಗಳ ಕಾಳುಕಾಳಾದ ಪುಡಿ ಸಿ.ಟಿ.ಸಿ. ಯಂತ್ರದ್ದು, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ವಿಧಾನ. ಚಿಕ್ಕ ಕಾಳಿನ ಒಟ್ಟು ಮೇಲ್ಮೈ ಹೆಚ್ಚು, ಬಣ್ಣ ಬೇಗ ಬಿಡುತ್ತದೆ. ಹಾಲಿನ ಕೇಸೀನ್ ಪ್ರೋಟೀನು ಒಗರು ವಸ್ತುಗಳನ್ನು ಹಿಡಿದಿಡುವುದರಿಂದ ಇದನ್ನು ಕುದಿಸಿದರೂ ನಡೆಯುತ್ತದೆ. ಆದರೆ ಚರಟವನ್ನೇ ಮತ್ತೆ ಮತ್ತೆ ಕುದಿಸುವ ಅಭ್ಯಾಸ ಬೇಡ. ಪರಿಮಳ ಹೋಗಿ ಕಹಿ ಉಳಿದಿರುತ್ತದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಬೇಕು. ಹಸಿ ಶುಂಠಿಯಲ್ಲಿ ಪ್ರೋಟೀನು ಒಡೆಯುವ ಕಿಣ್ವವಿದೆ, ಹಾಲು ಒಡೆದೀತು.

ಚಹಾ ಮಾಡಲು ಅಂತರರಾಷ್ಟ್ರೀಯ ಮಾನಕವೂ ಇದೆ: 1980ರ ಐ.ಎಸ್.ಒ. 3103. ನೂರು ಮಿಲಿಲೀಟರಿಗೆ ಎರಡು ಗ್ರಾಂ, ಆರು ನಿಮಿಷ. ರುಚಿಗಲ್ಲ, ಮಾದರಿಗಳನ್ನು ಹೋಲಿಸಿ ನೋಡಲು. ಇಂಥದೇ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ಹಾಸ್ಯದ ಇಗ್ ನೊಬೆಲ್ ಬಹುಮಾನ, ಅದೂ ಸಾಹಿತ್ಯ ವಿಭಾಗದಲ್ಲಿ, ಸಿಕ್ಕಿತು!

ಹಾಲಿಲ್ಲದ ಕಪ್ಪು ಚಹಾವನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಬೆರೆಸಿ ನೋಡಿ. ಮೊದಲನೆಯದು ತಿಳಿಯಾಗುತ್ತದೆ, ಎರಡನೆಯದು ಕಪ್ಪಿಡುತ್ತದೆ. ಲಿಟ್ಮಸ್ ಕಾಗದದ ಅಣ್ಣತಮ್ಮನಂತೆ.

ಆ ಮಗಳ ವಿಷಯಕ್ಕೆ ಬಂದರೆ, ಶಾಲೆಯ ತಪಾಸಣೆಯಲ್ಲಿ ಅವಳಿಗೆ ರಕ್ತ ಕಡಿಮೆ ಎಂದಿದ್ದರು. ಅಮ್ಮ ಬೆಳಿಗ್ಗೆ ರಾಗಿರೊಟ್ಟಿ, ಸೊಪ್ಪಿನ ಪಲ್ಯ ತಪ್ಪಿಸುತ್ತಿರಲಿಲ್ಲ. ಜೊತೆಗೆ ಒಂದು ದೊಡ್ಡ ಲೋಟ ಚಹಾ. ತೊಂದರೆ ಇದ್ದದ್ದು ಅಲ್ಲಿಯೇ. ಚಹಾದ ಪಾಲಿಫಿನಾಲುಗಳು ಕಾಳು, ಸೊಪ್ಪುಗಳ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತವೆ. ಅದು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಿದರೂ ಇದೇ ಪಾಡು. ಊಟ ತಿಂಡಿಗೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ತಿಂಡಿಯ ಜೊತೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ಪರೀಕ್ಷೆಯ ಕಾಲದಲ್ಲಿ ರಾತ್ರಿ ಎಂಟಕ್ಕೆ ಚಹಾ ಕೇಳುವ ಮಕ್ಕಳಿಗೂ ಒಂದು ಮಾತು: ದೊಡ್ಡವರಲ್ಲೇ ಕೆಫೀನಿನ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು.

ಈಗ ಆ ಮನೆಯಲ್ಲಿ ಮಗಳ ಚಹಾ ಸಂಜೆಗೆ, ಶಾಲೆಯಿಂದ ಬಂದ ಮೇಲೆ, ಅದೂ ಅರ್ಧ ಲೋಟ. ಅಟ್ಟದಿಂದ ಹಸಿರು ಪೊಟ್ಟಣವೂ ಇಳಿದಿದೆ. ಮೂರಕ್ಕೆ ಒಂದರ ಲೆಕ್ಕ ಹಾಕಿ ಅವಳೇ ಮಾಡಿ, "ಪರವಾಗಿಲ್ಲ" ಎಂದಳು. ತಂದವರು ಮಾತ್ರ ಒಂದು ಗುಟುಕು ಕುಡಿದು, "ನನಗೆ ಮಾಮೂಲಿ ಚಹಾನೇ ಕೊಡಿ" ಎಂದುಬಿಟ್ಟರು.